ತೂಕ್ಕುಪೋಸಿಯ ನೀರು

ನಮ್ಮ ಅತ್ತೆಗೆ ಸೀರೆ ಮಡಿಸುವುದರಲ್ಲಿ ಒಂದು ಕೈಚಳಕವಿತ್ತು. ಮಾವ ಮಗ್ಗದಿಂದ ಇಳಿಸಿದ ಸೀರೆಯನ್ನು, ನೂಲು ಕೊಟ್ಟು ನೇಯಿಸುವ ಮುದಲಾಳಿಯ ಅಂಗಡಿಗೆ ಒಯ್ಯುವ ಮುಂಚೆ, ಬಾಗಿಲ ಬೆಳಕಿನಲ್ಲಿ ಹಿಡಿದು ಉದ್ದಕ್ಕೂ ನೋಡುತ್ತಿದ್ದರು. ಎಲ್ಲಾದರೂ ಎಳೆ ತಪ್ಪಿದ್ದರೆ ಆ ಜಾಗ ಒಳಮಡಿಕೆಗೆ ಬೀಳುವ ಹಾಗೆ ಮಡಿಸಿ, ಚೆಂದದ ಮುಖ ಮೇಲೆ ಬರಿಸಿ, ಅಂಗೈಯಲ್ಲಿ ಒಮ್ಮೆ ಒತ್ತಿ ಇಡುತ್ತಿದ್ದರು. ನಾನು ಆಗ ಹೊಸ ಸೊಸೆ, ಬಾಯಿ ಸುಮ್ಮನಿರದು. "ಇದು ಮೋಸ ಅಲ್ವಾ ಅತ್ತೆ?" ಎಂದು ಕೇಳಿಬಿಟ್ಟೆ.

"ಮೋಸ ಏನ್ ಬಂತು ಕಣ್ಣು? ತಪ್ಪು ನಮ್ದು, ನಮ್ ಮನೇಲಿ ಇರ್ಲಿ. ಆಚೆಯೋರ್ಗೆ ಯಾಕೆ ಕಾಟ್ಟಬೇಕು?" ಎಂದರು.

ಕಾಟ್ಟುವುದು ಎಂದರೆ ತೋರಿಸುವುದು, ಕಣ್ಣು ಎಂದರೆ ಮುದ್ದಿನ ಕರೆ. ಆ ಮನೆಯ ಕನ್ನಡ ಹಾಗೆ, ಅರ್ಧ ತಮಿಳು. ನಾನು ಚಾಮರಾಜನಗರದ ಕಡೆಯವಳು, ಶಾಲೆಯಲ್ಲಿ ಕನ್ನಡ ಓದಿ ಬರೆದವಳು. ಮದುವೆಯಾಗಿ ಪೆರಿಯನಾಯಕನಪಾಳ್ಯಂಗೆ ಬಂದಾಗ ನನ್ನ ಕನ್ನಡ ಕೇಳಿ ಮನೆಮಂದಿಯೆಲ್ಲ ರೇಡಿಯೋ ಹಾಕಿದ ಹಾಗಿದೆ ಎಂದು ನಕ್ಕಿದ್ದರು. ನಾನು ಗಂಡನನ್ನು "ರೀ" ಎಂದರೆ ಓಣಿಯ ಹೆಂಗಸರು ಬೇಕೆಂದೇ ನನ್ನ ಹಿಂದೆ "ರೀ, ರೀ" ಎಂದು ಕೂಗುತ್ತಿದ್ದರು. ಆ ಬೀದಿಯಲ್ಲಿ ಕನ್ನಡ ಆಡುವವರೆಲ್ಲ ತಲೆತಲಾಂತರದಿಂದ ಅಲ್ಲೇ ಇದ್ದ ನೇಕಾರರು. ಕನ್ನಡ ಅಕ್ಷರ ಮಾತ್ರ ಯಾರಿಗೂ ಬಾರದು. ಈಗ ನಾನು ಇದನ್ನು ಬರೆಯುತ್ತಿರುವುದನ್ನು ನೋಡಿದರೂ ಅತ್ತೆಗೆ ಇದರಲ್ಲಿ ಏನಿದೆ ಎಂದು ತಿಳಿಯುವುದಿಲ್ಲ. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಮಾವ ತೀರಿಕೊಂಡ ಮೇಲೆ ಮಗ್ಗ ನಿಂತಿತು. ಮಗ್ಗದ ಕುಳಿಯ ಮೇಲೆ ಹಲಗೆ ಹಾಸಿ ಅದನ್ನೇ ಕೂರುವ ಜಾಗ ಮಾಡಿಕೊಂಡೆವು. ಇವರು, ನನ್ನ ಯಜಮಾನರು, ಮಗ್ಗಕ್ಕೆ ಕೂತವರೇ ಅಲ್ಲ. ಮೇಟ್ಟುಪಾಳ್ಯಂ ರಸ್ತೆಯ ಒಂದು ನೂಲಿನ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಬೆಳಗಿನ ಪಾಳಿಗೆ ಮಿಲ್ಲಿನ ವ್ಯಾನು ಬೀದಿಯ ಮೂಲೆಗೆ ಬರುತ್ತಿತ್ತು. ಸ್ನಾನ ಮಾಡಿ, ನೀಲಿ ಶರ್ಟು ಹಾಕಿಕೊಂಡು, ತೂಕ್ಕುಪೋಸಿಯನ್ನು ಕೈಯಲ್ಲಿ ತೂಗಾಡಿಸುತ್ತ ಹೋಗುತ್ತಿದ್ದರು. ಹಿಡಿ ಇರುವ ಸ್ಟೀಲಿನ ಊಟದ ಡಬ್ಬಿಗೆ ಈ ಕಡೆ ಆ ಹೆಸರು. ನಾನು ಬಂದ ಹೊಸದರಲ್ಲಿ ಅದೂ ನನಗೊಂದು ನಗೆಯ ಮಾತಾಗಿತ್ತು.

ಆ ವ್ಯಾನಿನ ಬಾಗಿಲ ಚಿಲಕ ಮುರಿದಿತ್ತು. ಹತ್ತಿ ಬೇಲು ಕಟ್ಟುವ ಹಗ್ಗದಿಂದ ಬಾಗಿಲನ್ನು ಒಳಗಿನ ಕಂಬಿಗೆ ಬಿಗಿದಿರುತ್ತಿದ್ದರು. ಕೆಲಸದವರು ಹೇಳಿದಾಗಲೆಲ್ಲ ಡ್ರೈವರು "ನಾಳೆ ಮಾಡಿಸ್ತೀನಿ" ಎನ್ನುತ್ತಿದ್ದ, ವ್ಯಾನಿನ ಮಾಲೀಕ ಡ್ರೈವರಿಗೆ ಹೇಳಿದ್ದೇನೆ ಎನ್ನುತ್ತಿದ್ದ. ನಮ್ಮ ಬೀದಿಯೇ ಕೊನೆಯ ನಿಲುಗಡೆ, ಹಾಗಾಗಿ ಬಾಗಿಲ ಪಕ್ಕದ ಸೀಟು ಇವರಿಗೆ ಖಾಯಂ. ಒಂದು ಬೆಳಗ್ಗೆ ತಿರುವಿನಲ್ಲಿ ಡ್ರೈವರು ವೇಗ ತಗ್ಗಿಸಲಿಲ್ಲ, ಹಗ್ಗ ತಡೆಯಲಿಲ್ಲ. ಇವರು ರಸ್ತೆಗೆ ಬಿದ್ದು ತಲೆಗೆ ಪೆಟ್ಟಾಯಿತು. ಮೈಮೇಲೆ ಬೇರೆಲ್ಲೂ ದೊಡ್ಡ ಗಾಯವಿರಲಿಲ್ಲ. ಆಸ್ಪತ್ರೆಯಲ್ಲಿ ಅದನ್ನು ನೋಡಿ ನಾನು ದೇವರಿಗೆ ಕೈ ಮುಗಿದೆ. ಎಂಥ ಪೆದ್ದಿ ನಾನು.

ಆಪರೇಷನ್ ಆಯಿತು, ಪ್ರಜ್ಞೆ ಬಂತು, ನಡೆದರು, ಮನೆಗೂ ಬಂದರು. ತಲೆಯ ಎಡಭಾಗದಲ್ಲಿ ಒಂದು ತಗ್ಗು ಉಳಿಯಿತು, ಕೂದಲು ಬೆಳೆದ ಮೇಲೆ ಅದೂ ಮುಚ್ಚಿಹೋಯಿತು. ನೋಡಲು ಬಂದವರೆಲ್ಲ ಪುನರ್ಜನ್ಮ ಎಂದು ಹೇಳಿ ಕಾಫಿ ಕುಡಿದು ಹೋದರು. ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ ಇವರು ಮೊದಲಿನ ಹಾಗೇ ವಿನಯವಾಗಿ "ನಲ್ಲಾ ಇರುಕ್ಕೇನುಂಗ" ಎನ್ನುತ್ತಿದ್ದರು, ಚೆನ್ನಾಗಿದ್ದೇನೆ ಎಂದು. ಮಿಲ್ಲಿನಲ್ಲಿ, ಅಂಗಡಿಯಲ್ಲಿ ವರ್ಷಗಟ್ಟಲೆ ಆಡಿದ ಆ ಮರ್ಯಾದೆಯ ತಮಿಳು ಎಲ್ಲೂ ಮುಕ್ಕಾಗಿರಲಿಲ್ಲ. ಹೋಗಿದ್ದೆಲ್ಲ ಅದರ ಹಿಂದಿನದು. ಊಟ ಮಾಡಿದ್ದು ನೆನಪಿರುತ್ತಿರಲಿಲ್ಲ. ಬಚ್ಚಲಿಗೆ ಹೋಗಿ ಎಂದು ಹೇಳಬೇಕಿತ್ತು. ಹೇಳದಿದ್ದರೆ ಇಡೀ ದಿನ ಗೋಡೆ ನೋಡುತ್ತ ಕೂರುವರು, ಹೇಳಿದರೆ ಒಮ್ಮೊಮ್ಮೆ ತಟ್ಟೆ ಎಸೆಯುವರು. ಒಂದು ಸಲ ಮಗಳು ಶಾಲೆಯಿಂದ ಬಂದು ಬ್ಯಾಗು ಇಳಿಸುತ್ತಿದ್ದಾಗ ನನ್ನನ್ನು ಮೆಲ್ಲಗೆ ಕರೆದು, "ಈ ಪಾಪ ಯಾರ್ ಮನೇದು?" ಎಂದು ಕೇಳಿದರು.

ಹೇಳಿಸಿಕೊಳ್ಳದೆ ಇವರು ಮಾಡುತ್ತಿದ್ದದ್ದು ಒಂದೇ ಒಂದು. ಬೆಳಗ್ಗೆ ಎದ್ದು, ಸ್ನಾನ ಮಾಡಿ, ನೀಲಿ ಶರ್ಟು ಹಾಕಿಕೊಂಡು, ಪೋಸಿ ಕೇಳಿ ತೆಗೆದುಕೊಂಡು, ಬೀದಿಯ ಮೂಲೆಯಲ್ಲಿ ವ್ಯಾನಿಗೆ ಕಾಯುತ್ತ ನಿಲ್ಲುವುದು. ಮಿಲ್ಲಿನವರು ಕೆಲಸದಿಂದ ತೆಗೆದಾಗಿತ್ತು, ವ್ಯಾನು ನಮ್ಮ ಕಡೆ ಬರುವುದನ್ನೇ ಬಿಟ್ಟಿತ್ತು. ಬೇಡವೆಂದರೆ ಕೂಗಾಡುತ್ತಿದ್ದರು. ಒಮ್ಮೆ ನಾನು ಬಾಗಿಲು ಹಾಕಿಟ್ಟಿದ್ದಕ್ಕೆ ಹಿತ್ತಲಿನಿಂದ ಹೊರಟು ಎಲ್ಲೆಲ್ಲೋ ಬಸ್ಸು ಹತ್ತಿ ಪೋತ್ತನೂರು ಜಂಕ್ಷನ್ನಿನಲ್ಲಿ ಸಿಕ್ಕಿದರು. ಅಲ್ಲಿನ ರೈಲ್ವೆ ಕೆಲಸಗಾರನೊಬ್ಬನಿಗೆ ಕೆಲಸಕ್ಕೆ ಹೋಗುತ್ತಿದ್ದೇನೆ, ವ್ಯಾನು ತಡವಾಗಿದೆ ಎಂದಿದ್ದರಂತೆ. ಆಮೇಲೆ ನಾನು ತಡೆಯಲು ಹೋಗಲಿಲ್ಲ. ಸ್ವಲ್ಪ ಹೊತ್ತು ನಿಲ್ಲಲು ಬಿಟ್ಟು, ಮೂಲೆಗೆ ಹೋಗಿ, "ರೀ, ಇವತ್ತು ಲೀವಂತೆ" ಎನ್ನುತ್ತಿದ್ದೆ. "ಹಂಗಾ?" ಎಂದು ಇವರ ಮುಖ ಅರಳುತ್ತಿತ್ತು. ದಿನವೂ ಹೊಸದಾಗಿ ರಜೆ ಸಿಕ್ಕ ಖುಷಿಯಲ್ಲಿ ನನ್ನ ಜೊತೆ ಮನೆಗೆ ಬರುತ್ತಿದ್ದರು.

ಮೊದಮೊದಲು ಪೋಸಿಯಲ್ಲಿ ಊಟವನ್ನೇ ಕಟ್ಟಿ ಕೊಡುತ್ತಿದ್ದೆ. ಆದರೆ ವಾಪಸು ಬಂದ ಮೇಲೆ ಅದನ್ನು ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ. "ಅದು ಮಿಲ್ ಊಟ, ಮನೇಲಿ ತಿನ್ಬಾರ್ದು" ಎಂಬ ಹಟ. ಸಂಜೆಗೆ ಹಳಸಿದ ಅನ್ನವನ್ನು ಹಿತ್ತಲಿಗೆ ಚೆಲ್ಲಿ ಚೆಲ್ಲಿ ನನಗೆ ರೋಸಿಹೋಯಿತು. ಖಾಲಿ ಕೊಟ್ಟೆ, ಹಗುರವಾಗಿದೆ ಎಂದು ತಿರುಗಿಸಿ ಕೊಟ್ಟರು. ಆಗ ನೀರು ತುಂಬಿಸಿ ಮುಚ್ಚಳ ಬಿಗಿದು ಕೊಟ್ಟೆ. ಕೈಯಲ್ಲಿ ತೂಗಿ ನೋಡಿ ಹೊರಟರು. ಅವತ್ತಿನಿಂದ ಅದೇ ಅಭ್ಯಾಸವಾಯಿತು, ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಪರಿಹಾರದ ಕೇಸು ಹಾಕಿದ್ದು ಇವರಿಗೆ ಮಾತು, ಮರೆವು, ಸಿಟ್ಟು ಇವಕ್ಕೆಲ್ಲ ತರಬೇತಿ ಬೇಕು, ಅದು ವರ್ಷಗಟ್ಟಲೆ ನಡೆಯಬೇಕು ಎಂದು ಡಾಕ್ಟರು ಹೇಳಿದ ಮೇಲೆ. ಕೇಸು ಗೆದ್ದರೆ ಅದೆಲ್ಲ ಆದೀತು, ಸೋತರೆ ಇವರು ಗೋಡೆ ನೋಡುತ್ತಲೇ ಉಳಿಯುತ್ತಾರೆ. ವಿಷಯ ಇಷ್ಟೇ. ನಮ್ಮ ವಕೀಲರು ಕೊಯಮತ್ತೂರಿನವರು, ತಮಿಳರು, ಬೈಯುವುದರಲ್ಲಿ ನಿಸ್ಸೀಮರು, ಮನಸ್ಸು ಮಾತ್ರ ಒಳ್ಳೆಯದು. ವ್ಯಾನಿನ ಮಾಲೀಕನ ಕಡೆಯವರು ಇವರೇ ಹಗ್ಗ ಬಿಚ್ಚಿ ಹೊರಗೆ ಬಾಗಿದ್ದರು ಎಂದು ವಾದ ಹೂಡಿದರು. ಆದರೆ ಜೊತೆಯ ಕೆಲಸಗಾರರೊಬ್ಬರು ನೌಕರಿಯ ಭಯ ಬಿಟ್ಟು ಬಂದು ಚಿಲಕದ ಕತೆ ಹೇಳಿದ್ದರಿಂದ ಅದು ನಿಲ್ಲಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ, ಇವರಿಗೆ ಎಷ್ಟು ನಷ್ಟವಾಗಿದೆ ಎಂಬುದು. ಅದನ್ನು ಹೇಳಬೇಕಾದದ್ದು ಸರ್ಕಾರಿ ವೈದ್ಯರ ಮಂಡಳಿ.

ಮಂಡಳಿಯ ಮುಂದೆ ಹೋಗಬೇಕು ಎಂದು ಗೊತ್ತಾದ ದಿನದಿಂದ ಅತ್ತೆ ಇವರನ್ನು ಮಗ್ಗದ ಹಲಗೆಯ ಮೇಲೆ ಕೂರಿಸಿಕೊಂಡು ಪಾಠ ಶುರು ಮಾಡಿದರು. ತಾವೇ ಡಾಕ್ಟರಾಗಿ ತಮಿಳಿನಲ್ಲಿ ಕೇಳುವರು: ಹೆಸರೇನು, ಊರು ಯಾವುದು, ಏನು ಕೆಲಸ, ಇವತ್ತು ಯಾವ ವಾರ? ಇವರು ಶಾಲೆಯ ಹುಡುಗನ ಹಾಗೆ ಒಪ್ಪಿಸುವರು. ಮಗ ಸರಿಯಾಗಿ ಹೇಳಿದರೆ ಅತ್ತೆಗೆ ಹಿಡಿಸಲಾರದ ಸಂತೋಷ. ನಾನು ತಡೆದೆ, ಅಷ್ಟು ಹೇಳಲೇಬೇಕು. "ಅತ್ತೆ, ನಾವು ಹೋಗ್ತಿರೋದೇ ಇವರಿಗೆ ಆಗಲ್ಲ ಅಂತ ತೋರಿಸೋಕೆ" ಎಂದೆ.

"ಪೈತ್ಯ ಅಂತ ಬರ್ದ್ಬಿಟ್ರೆ?" ಎಂದರು ಅತ್ತೆ, ಹುಚ್ಚ ಎಂಬ ಅರ್ಥದಲ್ಲಿ. "ನಾಳೆ ಪಾಪನ್ನ ಕಟ್ಕೊಳ್ಳೋರು ಕೇಳಲ್ವಾ, ಅಪ್ಪಂಗೆ ಏನು ಅಂತ? ಕಾಲು ಹೋದ್ರೆ ಕಾಟ್ಟಬಹುದು. ತಲೆ ಹೋದ್ರೆ ಕಾಟ್ಟಕ್ಕಾಗತ್ತಾ ಕಣ್ಣು? ಕೋರ್ಟು ಇವತ್ತು ಇರತ್ತೆ, ನಾಳೆ ಹೋಗತ್ತೆ. ನಮ್ ಜನ ಇಲ್ಲೇ ಇರ್ತಾರೆ."

ನಮ್ಮ ಜನರಲ್ಲಿ ಸಂಬಂಧ ನೋಡಲು ಬಂದವರು ಏನೇನು ಕೇಳುತ್ತಾರೆ ಎಂದು ನನಗೂ ಗೊತ್ತು. ಹೊರಡುವ ದಿನ ಅತ್ತೆ ಕ್ಷೌರದವರನ್ನು ಮನೆಗೇ ಕರೆಸಿದರು. ತಗ್ಗಿನ ಮೇಲೆ ಕೂದಲು ಬರುವ ಹಾಗೆ ಬಾಚಿದರು, ಹಣೆಗೆ ವಿಭೂತಿ ಇಟ್ಟರು. ಶರ್ಟಿಗೆ ಇಸ್ತ್ರಿ ಹಾಕಿದವಳು ನಾನೇ. ಮಡಿಸಿ ಇಟ್ಟ ಸೀರೆಯ ಹಾಗೆ ಎಲ್ಲೂ ಒಂದು ಎಳೆ ತಪ್ಪು ಕಾಣದಂತೆ ಇವರು ಹೊರಟರು.

ಅಲ್ಲಿ ಜನವೋ ಜನ. ಕೈ ಇಲ್ಲದವರು, ಕಾಲಿಲ್ಲದವರು, ಮಂಚದ ಸಮೇತ ಬಂದವರು. ಅವರ ನಡುವೆ ಇವರು ಮದುಮಗನ ಹಾಗೆ ಕೂತಿದ್ದರು. ಸರದಿ ಬಂದಾಗ ಡಾಕ್ಟರು ಕಾಗದಗಳನ್ನು ನೋಡಿ ಹೆಸರು ಕೇಳಿದರು, ಊರು ಕೇಳಿದರು, ಕೆಲಸ ಕೇಳಿದರು, ವಾರ ಕೇಳಿದರು. ಅತ್ತೆ ಕಲಿಸಿದ ಪ್ರಶ್ನೆಗಳೇ. ಎಲ್ಲಕ್ಕೂ ಉತ್ತರ ಬಂತು. ಹೇಗಿದ್ದೀರಿ ಎಂದಾಗ ಎದ್ದು ನಿಂತು ಕೈ ಮುಗಿದು "ನಲ್ಲಾ ಇರುಕ್ಕೇನುಂಗ" ಎಂದರು. ನಾನು ಮಧ್ಯೆ ಬಾಯಿ ಹಾಕಿ ಮನೆಯಲ್ಲಿ ಹೀಗಲ್ಲ ಎಂದು ಹೇಳಹೊರಟೆ. ಅವರನ್ನೇ ಹೇಳಲು ಬಿಡಿ ಎಂದರು ಡಾಕ್ಟರು. ಅವರ ತಪ್ಪೇನೂ ಇಲ್ಲ. ನಾವು ಮೇಲಿಟ್ಟ ಮುಖವನ್ನೇ ಅವರು ನೋಡಿದ್ದು. ಹೊರಗೆ ಬಂದು ಅತ್ತೆ ಮಗನ ಗಲ್ಲ ಸವರಿ ನೆಟಿಕೆ ಮುರಿದರು.

ಮಂಡಳಿ ಇವರ ನಷ್ಟವನ್ನು ಅಲ್ಪವೆಂದು ಬರೆದುಕೊಟ್ಟಿತು. ವಕೀಲರು ಅದನ್ನು ಓದಿ ಮೇಜಿನ ಮೇಲೆ ಒಗೆದು, "ಮಂಡಳಿಗೆ ಕರ್ಕೊಂಡು ಹೋದ್ರೋ, ಹೆಣ್ಣು ನೋಡೋಕೆ ಕರ್ಕೊಂಡು ಹೋದ್ರೋ?" ಎಂದು ತಮಿಳಿನಲ್ಲಿ ತರಾಟೆಗೆ ತೆಗೆದುಕೊಂಡರು. ಆಮೇಲೆ ಸ್ವಲ್ಪ ತಣ್ಣಗಾಗಿ, ಇನ್ನು ಉಳಿದಿರುವುದು ನಿಮ್ಮ ಸಾಕ್ಷಿ ಮಾತ್ರ, ಕಟಕಟೆಯಲ್ಲಿ ನಿಂತು ಮನೆಯೊಳಗಿನದನ್ನೆಲ್ಲ ಹೇಳಬೇಕು, ನಾಚಿಕೆ ಮಾನ ಮರ್ಯಾದೆ ಎಂದು ಒಂದು ಮಾತು ನುಂಗಿದರೂ ಕೇಸು ಹೋಯಿತು ಎಂದರು. ಯಜಮಾನರನ್ನೂ ಕರೆತನ್ನಿ, ನ್ಯಾಯಾಧೀಶರು ನೋಡಲಿ ಎಂದರು. ಹೋಗುವ ದಿನ ಅತ್ತೆ, ನಾನು ಎಷ್ಟು ಬೇಡವೆಂದರೂ, ಮತ್ತೆ ಇಸ್ತ್ರಿ ಶರ್ಟನ್ನೇ ಹಾಕಿಸಿ, ತಾವೂ ಜೊತೆಗೆ ಹೊರಟರು.

ಕೋರ್ಟಿನಲ್ಲಿ, ವ್ಯಾನಿನ ಇನ್ಶೂರೆನ್ಸ್ ಕಂಪನಿಯ ವಕೀಲರು ಎದ್ದು ನನಗೆ ಕೆಲವು ಫೋಟೋ ತೋರಿಸಿದರು. ನಮ್ಮ ಬೀದಿಯ ಮೂಲೆ, ಟೀ ಅಂಗಡಿ, ಅದರ ಮುಂದೆ ನೀಲಿ ಶರ್ಟಿನಲ್ಲಿ ಇವರು. ಯಾರನ್ನೋ ಕಳಿಸಿ, ದೂರದಲ್ಲಿ ನಿಲ್ಲಿಸಿ ತೆಗೆಸಿದ್ದರು.

"ಇವರು ಯಾರಮ್ಮಾ?"

"ನಮ್ಮ ಯಜಮಾನರು."

"ಕೈಯಲ್ಲಿ ಏನು?"

"ತೂಕ್ಕುಪೋಸಿ."

"ಸ್ನಾನ ಮಾಡಿ, ಡ್ರೆಸ್ ಮಾಡಿಕೊಂಡು, ಊಟ ಕಟ್ಟಿಕೊಂಡು ದಿನಾ ಬೆಳಗ್ಗೆ ನಿಲ್ಲುತ್ತಾರೆ. ಕೆಲಸಕ್ಕೆ ಹೋಗುತ್ತಿದ್ದಾರೆ. ಹೌದು ತಾನೇ?"

ಇವರಲ್ಲಿ ಉಳಿದಿದ್ದ ಒಂದೇ ಒಂದು ಚೆಂದವನ್ನು ಹಿಡಿದುಕೊಂಡು ಬಂದು ನನಗೇ ತಿರುಗಿಸಿ ಹೊಡೆಯುತ್ತಿದ್ದರು. ಸಿಟ್ಟು ನೆತ್ತಿಗೇರಿತು. "ಅದರಲ್ಲಿ ಊಟ ಇಲ್ಲ, ನೀರು" ಎಂದುಬಿಟ್ಟೆ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಇನ್ನೂ ಕೆಲವರು ಸೇರಿಕೊಂಡರು. ಎಲ್ಲರೂ ನಗುವುದನ್ನು ಕಂಡು ಇವರೂ ನಕ್ಕರು. ಆ ದನಿ ನನಗೆ ಗೊತ್ತು. ನ್ಯಾಯಾಧೀಶರು ಸದ್ದು ಬೇಡ ಎಂದು ಗದರಿ, "ನೀರಾ?" ಎಂದು ನನ್ನನ್ನು ಕೇಳಿದರು. ನಾನು ಹೇಳಿದೆ. ಖಾಲಿ ಕೊಟ್ಟರೆ ಒಪ್ಪುವುದಿಲ್ಲವೆಂದು ನೀರು ತುಂಬಿಸುವುದು ಹೇಳಿದೆ. ಬಾರದ ವ್ಯಾನಿಗೆ ಕಾಯುವುದು, ನಾನು ಹೋಗಿ ಲೀವು ಎಂದು ಸುಳ್ಳು ಹೇಳುವುದು, ಅದನ್ನು ದಿನವೂ ನಂಬಿ ಇವರು ಖುಷಿಪಡುವುದು ಎಲ್ಲವನ್ನೂ ಹೇಳಿದೆ. ಪೋತ್ತನೂರು ಹೇಳಿದೆ, ಬಚ್ಚಲು ಹೇಳಿದೆ, ಎಸೆದ ತಟ್ಟೆ ಹೇಳಿದೆ, ಮಗಳನ್ನು ಯಾರ ಮನೆಯದು ಎಂದದ್ದು ಹೇಳಿದೆ. ವಕೀಲರು ಹೇಳಿಕೊಟ್ಟಿದ್ದಕ್ಕಿಂತ ಹೆಚ್ಚೇ ಹೇಳಿದೆ. ಅಷ್ಟು ದಿನ ಯಾರ ಮುಂದೆಯೂ ಬಿಚ್ಚದೆ ಇಟ್ಟುಕೊಂಡಿದ್ದು ಒಮ್ಮೆಲೇ ಬರುತ್ತಿತ್ತು, ನಿಲ್ಲಿಸಲು ನನಗೇ ಮನಸ್ಸಿರಲಿಲ್ಲ. ಹಿಂದೆ ತಿರುಗಿ ಇವರ ಮುಖ ನೋಡಲಿಲ್ಲ. ನೋಡಿದ್ದರೆ ನಿಲ್ಲಿಸುತ್ತಿದ್ದೆನೋ ಏನೋ.

ಕೆಳಗಿಳಿದು ಬಂದಾಗ ಇವರು ಬೆಂಚಿನಲ್ಲಿ ಸರಿದು ಜಾಗ ಮಾಡಿ "ಉಕ್ಕಾರುಂಗ" ಎಂದರು. ಕೂತುಕೊಳ್ಳಿ ಎಂದು, ತಮಿಳಿನಲ್ಲಿ, ಆಚೆಯವರಿಗೆ ಹೇಳುವ ಮರ್ಯಾದೆಯಲ್ಲಿ. ಮದುವೆಯಾದಂದಿನಿಂದ ನನ್ನ ಜೊತೆ ಒಂದು ದಿನವೂ ತಮಿಳಾಡಿದವರಲ್ಲ. ತಲೆಯ ಪೆಟ್ಟಿನ ಮೇಲೂ ಆಡಿರಲಿಲ್ಲ.

ಬಸ್ಸಿನಲ್ಲಿ ಇವರು ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದರು. ಅತ್ತೆ "ಎಲ್ಲಾ ಬಿಚ್ಚಿ ಕಾಟ್ಬಿಟ್ಟೆ ಕಣ್ಣು" ಎಂದರು. ಬೈಗುಳವಿರಲಿಲ್ಲ ಆ ಮಾತಿನಲ್ಲಿ. ಬೈದಿದ್ದರೆ ನಾನೂ ಒಂದೆರಡು ಆಡಿ ಹಗುರಾಗುತ್ತಿದ್ದೆ.

ಮರುದಿನ ಬೆಳಗ್ಗೆ ಇವರು ಸ್ನಾನ ಮಾಡಿದರು, ಶರ್ಟು ಹಾಕಿಕೊಂಡರು. ಸದ್ಯ, ಎಲ್ಲ ಮರೆತಿದ್ದಾರೆ ಎಂದುಕೊಂಡು ನಾನು ಎಂದಿನಂತೆ ನೀರು ತುಂಬಿ ಮುಚ್ಚಳ ಬಿಗಿದು ಕೊಟ್ಟೆ. ಕೈಯಲ್ಲಿ ತೂಗಿ ನೋಡಿದರು. ಆಮೇಲೆ, ಹಿಂದೆಂದೂ ಮಾಡದ್ದನ್ನು ಮಾಡಿದರು. ಮುಚ್ಚಳ ತಿರುಗಿಸಿ ತೆಗೆದು ಒಳಗೆ ನೋಡಿದರು. ಹಿತ್ತಲ ಬಾಗಿಲಿಗೆ ಹೋಗಿ ನೀರನ್ನು ನುಗ್ಗೆ ಗಿಡದ ಬುಡಕ್ಕೆ ಸುರಿದು, ಪೋಸಿಯನ್ನು ಹೆಗಲ ಟವೆಲಿನಲ್ಲಿ ಒರೆಸಿ ಮೊಳೆಗೆ ನೇತುಹಾಕಿದರು. ನನ್ನ ಕಡೆ ತಿರುಗಿ ಕನ್ನಡದಲ್ಲಿ, ಮೆತ್ತಗೆ, ನಾನು ದಿನಾ ಹೇಳುತ್ತಿದ್ದ ದನಿಯಲ್ಲೇ, "ಇವತ್ತು ಲೀವಂತೆ" ಎಂದರು. ಮತ್ತೆ ಆ ಮೂಲೆಗೆ ಹೋಗಲಿಲ್ಲ.

ಕೇಸು ಗೆದ್ದೆವು. ನಮ್ಮ ವಕೀಲರು ತೀರ್ಪಿನಲ್ಲಿ ನನ್ನ ಸಾಕ್ಷಿಯ ಭಾಗವನ್ನು ತಮಿಳಿಗೆ ತಿರುಗಿಸಿ ಎರಡೆರಡು ಸಲ ಓದಿ ಹೇಳಿ, "ಈ ನೀರೇ ಕೇಸು ಗೆಲ್ಲಿಸಿದ್ದು" ಎಂದು ಹಿಗ್ಗಿದರು. ಪರಿಹಾರ ಬಂತು, ತರಬೇತಿಯೂ ಶುರುವಾಯಿತು. ಅಲ್ಲಿನ ಡಾಕ್ಟರಮ್ಮ ಮೊದಲ ದಿನವೇ, ಯಾರೂ ಹೇಳದೆ ತಾವಾಗಿ ಏನಾದರೂ ಮಾಡುತ್ತಾರಾ ಎಂದು ಕೇಳಿದರು. ಈಗ ಏನೂ ಇಲ್ಲ, ಮೊದಲು ಕೆಲಸಕ್ಕೆ ಸಿದ್ಧರಾಗಿ ವ್ಯಾನಿಗೆ ಕಾಯುತ್ತಿದ್ದರು ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಅಯ್ಯೋ, ಅದೇ ದೊಡ್ಡದಲ್ವಾ? ಎದ್ದು ರೆಡಿಯಾಗಿ ಹೊರಡಬೇಕು ಅನ್ನೋದೇ ಇಂಥವರಲ್ಲಿ ಮೊದಲು ಹೋಗೋದು. ಅದೊಂದು ಇದ್ದಿದ್ದರೆ ಅದನ್ನೇ ಹಿಡಿದು ಮಿಕ್ಕಿದ್ದನ್ನು ಕಲಿಸಬಹುದಿತ್ತು. ಯಾಕೆ ಬಿಟ್ಟರು?" ಎಂದರು. ಗೊತ್ತಿಲ್ಲ ಎಂದೆ. ಅತ್ತೆಯ ಹಾಗೆ ನಾನೂ ಆ ಎಳೆಯನ್ನು ಒಳಗೆ ಮಡಿಸಿಟ್ಟೆ.

ನಾನು ಹೇಳದಿದ್ದರೆ ಈ ಚಿಕಿತ್ಸೆಯೂ ಇರುತ್ತಿರಲಿಲ್ಲ, ಅದು ನನಗೆ ಗೊತ್ತು. ಎಷ್ಟೋ ಸಲ ಇದನ್ನೇ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಇವರನ್ನು ಹೊರಗೆ, ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ, ಅತ್ತೆಯ ಜೊತೆ ಕೂರಿಸಿ ಹೇಳಬಹುದಿತ್ತು. ಸ್ವಲ್ಪ ಹೊತ್ತು ಹೊರಗೆ ಕಳಿಸಿ ಎಂದು ನಾನು ಒಂದು ಮಾತು ಕೇಳಿದ್ದರೆ ಸಾಕಿತ್ತು, ಆ ನ್ಯಾಯಾಧೀಶರು ಬೇಡವೆನ್ನುತ್ತಿರಲಿಲ್ಲ. ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ, ಏನೂ ತಿಳಿಯುವುದಿಲ್ಲ ಎಂದು ಕೋರ್ಟಿಗೆ ಹೇಳುವಾಗ ಅದನ್ನು ನಾನೂ ನಂಬಿಬಿಟ್ಟಿದ್ದೆ.

ಈಗ ದಿನಾ ಬೆಳಗ್ಗೆ ಪೋಸಿಗೆ ಅನ್ನ, ಸಾಂಬಾರು, ಒಂದು ಪಲ್ಯ ತುಂಬಿ ಬಾಗಿಲ ಬಳಿ ಇಡುತ್ತೇನೆ. ನೀಲಿ ಶರ್ಟು ತೆಗೆದಿಡುತ್ತೇನೆ. "ರೀ, ವ್ಯಾನು ಬರೋ ಹೊತ್ತಾಯ್ತು" ಎನ್ನುತ್ತೇನೆ. ಇವರು ನನ್ನನ್ನು ನೋಡಿ, ಮಕ್ಕಳಿಗೆ ಹೇಳುವ ಹಾಗೆ, "ಇವತ್ತು ಲೀವಂತೆ" ಎನ್ನುತ್ತಾರೆ. ಮಧ್ಯಾಹ್ನ ಆ ಮಿಲ್ ಊಟವನ್ನು ನಾನೇ ತಿನ್ನುತ್ತೇನೆ.